ಸೇಡಿನ ಕಡಲ್ಗಳ್ಳ, ಅವನ ಸೆರೆಯಾಳು: ಈ ಬಗೆಯ ಐತಿಹಾಸಿಕ ಪ್ರೇಮಕಾದಂಬರಿಗಳನ್ನು ಓದುವುದು ಹೇಗೆ?

ಪುಟದಂಚು:
ಕಥೆಯ ಎಲುಬುಗೂಡು ಎಲ್ಲರಿಗೂ ಗೊತ್ತಿರುವುದೇ. ಒಬ್ಬ ವರ್ತಕನ ಮೋಸದಿಂದ ಮನೆತನ ಮುಳುಗಿದ ಹುಡುಗ ಕಡಲ್ಗಳ್ಳನಾಗುತ್ತಾನೆ. ಹತ್ತು ವರ್ಷ ಕಳೆದ ಮೇಲೆ ಆ ವರ್ತಕನ ಮಗಳಿರುವ ಹಡಗೇ ಅವನ ಕೈಗೆ ಸಿಗುತ್ತದೆ. ಒತ್ತೆಹಣ ತಗೊಂಡು ಬಿಡುವ ಬದಲು, ಅಪ್ಪನ ಹೊಟ್ಟೆ ಉರಿಸಲೆಂದೇ ಅವಳನ್ನು ಇಟ್ಟುಕೊಳ್ಳುತ್ತಾನೆ. ಆಮೇಲಿನದು ಪ್ರೇಮ.

ಇಂಥವುಗಳಲ್ಲಿ ಕೆಲವು ಕೊನೆಯ ಪುಟದವರೆಗೂ ಕೆಳಗಿಡಲು ಬಿಡುವುದಿಲ್ಲ. ಬಹಳಷ್ಟು ಮುಕ್ಕಾಲು ದಾರಿಗೆ ಬರುವಷ್ಟರಲ್ಲಿ ಸಪ್ಪೆಯಾಗುತ್ತವೆ. ಇತಿಹಾಸ ಎಷ್ಟರಮಟ್ಟಿಗೆ ಸರಿಯಿರಬೇಕು, ಸೆರೆಯಲ್ಲಿರುವವಳ ಒಪ್ಪಿಗೆಗೆ ಬೆಲೆಯಿದೆಯೇ, ಸೇಡಿನ ಎಳೆ ನಡುವೆ ಯಾಕೆ ಜೋತುಬೀಳುತ್ತದೆ ಎಂಬುದನ್ನು ಹಡಗು, ಕಾನೂನು, ಉಡುಗೆ, ಕಥನ ಬಲ್ಲವರು ಬಿಡಿಸಿ ಹೇಳಿ. ದಯವಿಟ್ಟು ಯಾವ ಕಾದಂಬರಿಯ ಕೊನೆಯನ್ನೂ ಬಿಟ್ಟುಕೊಡಬೇಡಿ.

ಹಾಯಿಹಗ್ಗ:
ಮೊದಲು ಇಸವಿ ನೋಡಿ. ಮುನ್ನುಡಿಯಲ್ಲೋ ಮೊದಲ ಅಧ್ಯಾಯದ ತಲೆಯಲ್ಲೋ ಇದ್ದೇ ಇರುತ್ತದೆ. ಕೆರಿಬಿಯನ್ ಕಡಲ್ಗಳ್ಳತನ ಒಂದೇ ಸಮನೆ ನಡೆದದ್ದಲ್ಲ. 1660–70ರ ದಶಕ ಜಮೈಕಾದ ಪೋರ್ಟ್ ರಾಯಲ್ ಬಂದರು ಮತ್ತು ಕೊಳ್ಳೆಗಾರ ಹೆನ್ರಿ ಮಾರ್ಗನ್‌ನ ಕಾಲ. ಅವನು ಪನಾಮಾ ಲೂಟಿ ಮಾಡಿದ್ದು 1671ರಲ್ಲಿ. 1690ರ ದಶಕದಲ್ಲಿ ಕೊಳ್ಳೆಗಾರರ ಕಣ್ಣು ಕೆಂಪು ಸಮುದ್ರದ ಕಡೆ ಹೊರಳಿತು. ಕಪ್ಪು ಬಾವುಟ, ಬಹಾಮಾಸ್‌ನ ನಸ್ಸಾವ್ ಬಂದರು, ಬ್ಲ್ಯಾಕ್‌ಬಿಯರ್ಡ್ ಎಂಬ ಕಡಲ್ಗಳ್ಳ ಎಲ್ಲವೂ ಸೇರಿ ಸುಮಾರು 1716ರಿಂದ 1726ರವರೆಗಿನ ಹತ್ತೇ ವರ್ಷ. 1713ರ ಯುಟ್ರೆಕ್ಟ್ ಒಪ್ಪಂದದಿಂದ ಯುದ್ಧ ನಿಂತು ಸಾವಿರಾರು ನಾವಿಕರಿಗೆ ಕೆಲಸ ತಪ್ಪಿದ್ದು ಇದಕ್ಕೆ ಮುಖ್ಯ ಕಾರಣ. 1750ರ ನಸ್ಸಾವ್‌ನಲ್ಲಿ ಕಡಲ್ಗಳ್ಳರ ರಾಜ್ಯ ನಡೆಯುತ್ತಿದೆ ಎಂದು ಬರೆದಿದ್ದರೆ ಲೇಖಕರು ಇಸವಿಯನ್ನು ಹುಡುಗಿಯ ಗೌನು ನೋಡಿ ಆರಿಸಿದ್ದಾರೆ ಎಂದೇ ಲೆಕ್ಕ.

ಇಸವಿ ಇಷ್ಟು ಮುಖ್ಯವಾಗುವುದು ಸುಖಾಂತ್ಯಕ್ಕೆ. ನಾಯಕ ನೇಣಿನಿಂದ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ರಾಜನ ಕ್ಷಮಾದಾನದಿಂದ. ಮೊದಲನೇ ಜಾರ್ಜ್‌ನ ಘೋಷಣೆ ಹೊರಟದ್ದು 1717ರ ಸೆಪ್ಟೆಂಬರ್ 5ಕ್ಕೆ. 1718ರ ಸೆಪ್ಟೆಂಬರ್ 5ರೊಳಗೆ ಶರಣಾದವರಿಗೆ, 1718ರ ಜನವರಿ 5ಕ್ಕಿಂತ ಮುಂಚೆ ಮಾಡಿದ ಅಪರಾಧಗಳಿಗೆ ಮಾತ್ರ ಮಾಫಿ. ಅಂದರೆ ನಾಯಕಿಯ ಹಡಗನ್ನು ಮಾರ್ಚ್‌ನಲ್ಲಿ ಹಿಡಿದಿದ್ದರೆ ಕಾಗದದ ಪ್ರಕಾರ ಆ ಕೃತ್ಯಕ್ಕೆ ಮಾಫಿ ಇಲ್ಲ. ಆದರೆ ಗವರ್ನರ್‌ಗಳು ಕಾಗದದಂತೆಯೇ ನಡೆದರು ಎಂದಲ್ಲ. ಬ್ಲ್ಯಾಕ್‌ಬಿಯರ್ಡ್ ಮೇ ತಿಂಗಳಲ್ಲಿ ಚಾರ್ಲ್ಸ್‌ಟನ್ ಬಂದರನ್ನು ಅಡ್ಡಗಟ್ಟಿ, ಜನರನ್ನು ಒತ್ತೆಯಿಟ್ಟು ಔಷಧಿ ಪೆಟ್ಟಿಗೆ ವಸೂಲು ಮಾಡಿದ. ಜೂನ್‌ನಲ್ಲಿ ನಾರ್ತ್ ಕೆರೊಲಿನಾದ ಗವರ್ನರ್ ಈಡನ್ ಮುಂದೆ ಹೋಗಿ ಕ್ಷಮೆಯನ್ನೂ ಪಡೆದ. ಕಥೆಗಾರರಿಗೆ ಆ ಸಂದಿ ಸಾಕು. ಆದರೆ ಸಂದಿ ಇದೆ ಎಂದು ಅವರಿಗೆ ಗೊತ್ತಿರಬೇಕು, ಅದನ್ನು ಪುಟದ ಮೇಲೆ ದುಡಿಸಿಕೊಳ್ಳಬೇಕು.

ಇನ್ನೊಂದು ಮಾತು: ಆಗ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ. ಹಾಗಾಗಿ ಆ ಕಾಲದ ಇಂಗ್ಲಿಷ್ ಕಾಗದಗಳಲ್ಲಿ ಆ ಜನವರಿ 1717ರದ್ದೆಂದು ಇರಬಹುದು. ಅದನ್ನು ಕಂಡು ಲೇಖಕರು ತಪ್ಪಿದರು ಅಂದುಕೊಳ್ಳಬೇಡಿ.

ಕಡತಪ್ರಿಯೆ:
ಹಾಯಿಹಗ್ಗ ಅವರ ಮಾತಿಗೆ ನನ್ನದೂ ಸೇರಿಸಿ. ಇಸವಿಯಾದ ಮೇಲೆ ನೋಡಬೇಕಾದ್ದು ಕಪ್ತಾನನಿಗೆ ಎಷ್ಟು ಅಧಿಕಾರ ಕೊಟ್ಟಿದ್ದಾರೆ ಎಂಬುದು. ಈ ಕಾದಂಬರಿಗಳಲ್ಲಿ ಅವನು ಹಡಗಿನ ಮೇಲೆ ಅರಸ. ವಾಸ್ತವದಲ್ಲಿ ಅವನನ್ನು ಆರಿಸುತ್ತಿದ್ದವರೂ ಇಳಿಸುತ್ತಿದ್ದವರೂ ಸಿಬ್ಬಂದಿ. ಬೆನ್ನಟ್ಟುವಾಗ, ಕಾದಾಡುವಾಗ ಅವನ ಮಾತೇ ಕೊನೆ. ಮಿಕ್ಕ ಹೊತ್ತಿನಲ್ಲಿ ಪಾಲು, ಪಡಿ, ಜಗಳ ಎಲ್ಲ ಕ್ವಾರ್ಟರ್‌ಮಾಸ್ಟರ್ ಕೈಯಲ್ಲಿ.

ಹಡಗು ಹತ್ತುವಾಗ ಸಹಿ ಹಾಕುವ ಕರಾರುಗಳು ಕೆಲವು ಉಳಿದು ಬಂದಿವೆ. 1724ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಡಲ್ಗಳ್ಳರ ಚರಿತ್ರೆಯಲ್ಲಿ ಓದಬಹುದು. ಬಾರ್ಥಲೊಮ್ಯೂ ರಾಬರ್ಟ್ಸ್‌ನ ಕರಾರಿನಲ್ಲಿ ಕಪ್ತಾನ ಮತ್ತು ಕ್ವಾರ್ಟರ್‌ಮಾಸ್ಟರ್‌ಗೆ ಎರಡೆರಡು ಪಾಲು. ಹಡಗು ನಡೆಸುವ ಮಾಸ್ಟರ್, ಹಗ್ಗ ಹಾಯಿ ನೋಡಿಕೊಳ್ಳುವ ಬೋಸನ್, ಫಿರಂಗಿಯ ಗನ್ನರ್‌ಗೆ ತಲಾ ಒಂದೂವರೆ. ರಾತ್ರಿ ಎಂಟಕ್ಕೆ ದೀಪ ಆರಿಸಬೇಕು. ಹೆಂಗಸನ್ನು ವೇಷ ಮರೆಸಿ ಹಡಗಿಗೆ ತಂದವನಿಗೆ ಸಾವು. ಜಾನ್ ಫಿಲಿಪ್ಸ್‌ನ ಕರಾರು ಇನ್ನೂ ಖಚಿತ: ಮಾನವಂತ ಹೆಣ್ಣನ್ನು ಅವಳ ಒಪ್ಪಿಗೆಯಿಲ್ಲದೆ ಮುಟ್ಟಲು ಹೋದವನಿಗೆ ಆ ಕೂಡಲೇ ಮರಣದಂಡನೆ. ಆ ಫಿಲಿಪ್ಸ್‌ನ ಹಡಗಿನ ಹೆಸರು ‘ರಿವೆಂಜ್’, ಅಂದರೆ ಸೇಡು.

ಇದನ್ನು ಓದಿ ಅವರೆಲ್ಲ ಸಭ್ಯರು ಎಂದುಕೊಳ್ಳಬಾರದು. ಹೆಣ್ಣು ಕೈಗೆ ಸಿಕ್ಕರೆ ರಾಬರ್ಟ್ಸ್‌ನ ಜನ ಕಾವಲಿಗೆ ಒಬ್ಬನನ್ನು ನಿಲ್ಲಿಸುತ್ತಿದ್ದರು, ಆ ಕಾವಲಿಗಾಗಿ ಕಚ್ಚಾಡಿ ಗೆಲ್ಲುತ್ತಿದ್ದವನು ಎಲ್ಲರಿಗಿಂತ ದೊಡ್ಡ ಪುಂಡ, ಅವಳನ್ನು ಅವನು ತನಗಷ್ಟೇ ಉಳಿಸಿಕೊಳ್ಳುತ್ತಿದ್ದ ಎಂದು ಅದೇ ಪುಸ್ತಕ ಹೇಳುತ್ತದೆ.

ಈಗ ಲೆಕ್ಕ ಹಾಕಿ. ಎಂಬತ್ತು ಜನರ ಹಡಗು. ಮೇಲಿನ ಐವರಿಗೆ ಎಂಟೂವರೆ ಪಾಲು, ಉಳಿದ 75 ಜನರಿಗೆ ತಲಾ ಒಂದು; ಒಟ್ಟು 83.5 ಪಾಲು. ವರ್ತಕನ ಮಗಳಿಗೆ 8,350 ಸ್ಪ್ಯಾನಿಷ್ ಬೆಳ್ಳಿ ನಾಣ್ಯ ಒತ್ತೆಹಣ ಬರುತ್ತದೆ ಅಂದುಕೊಳ್ಳೋಣ. ಪಾಲಿಗೆ ನೂರು, ಕಪ್ತಾನನಿಗೆ ಇನ್ನೂರು. ‘ಅವಳನ್ನು ಬಿಡುವುದಿಲ್ಲ’ ಎಂದರೆ ಅವನು ಉಳಿದ 8,150 ನಾಣ್ಯವನ್ನು ಕೈಯಿಂದ ಕೊಡಬೇಕು, ಇಲ್ಲವೇ ತನ್ನ ಜನರ ಗಂಟು ಕದ್ದಂತೆ. ಸೇಡು ಅವನ ಸ್ವಂತದ್ದು, ಅದರ ನಷ್ಟ ಎಂಬತ್ತು ಜನರದ್ದು. ಕಾದಂಬರಿಗೆ ಇದಕ್ಕಿಂತ ಬಿಗಿಯಾದ ಗಂಟು ಬೇಕೇ? ಈ ಲೆಕ್ಕ ಮಾಡಿದ ಕಾದಂಬರಿಯಲ್ಲಿ ಕ್ವಾರ್ಟರ್‌ಮಾಸ್ಟರ್ ಪಾತ್ರ ತಾನಾಗಿಯೇ ಬೆಳೆಯುತ್ತದೆ. ಮಾಡದಿದ್ದಲ್ಲಿ ಅವನು ತಮಾಷೆಯ ಗೆಳೆಯನಾಗಿ ಉಳಿಯುತ್ತಾನೆ.

ಲಂಗರು:
ಕರಾರು, ಪಾಲು ಎಲ್ಲ ಸರಿ. ಆದರೆ ಸೆರೆ ಸೆರೆಯೇ. ತನ್ನನ್ನು ಹಿಡಿದಿಟ್ಟವನನ್ನು ಪ್ರೀತಿಸುವ ಕಥೆಯಲ್ಲಿ ಒಪ್ಪಿಗೆ ಎಂಬ ಮಾತಿಗೆ ನೆಲೆಯೇ ಇಲ್ಲ ಎನ್ನುವುದು ನನ್ನ ನಿಲುವು. 1695ರಲ್ಲಿ ಹೆನ್ರಿ ಎವರಿಯ ತಂಡ ಔರಂಗಜೇಬನ ‘ಗಂಜ್-ಇ-ಸವಾಯಿ’ ಹಡಗನ್ನು ಹಿಡಿದಾಗ ಅದರಲ್ಲಿ ಹಜ್ ಮುಗಿಸಿ ಮರಳುತ್ತಿದ್ದ ಹೆಂಗಸರಿದ್ದರು. ದಿನಗಟ್ಟಲೆ ಚಿತ್ರಹಿಂಸೆ, ಅತ್ಯಾಚಾರ ನಡೆಯಿತು. ಇಷ್ಟು ಗೊತ್ತಿದ್ದೂ ಕಪ್ತಾನನ ಕ್ಯಾಬಿನ್ನಿನಲ್ಲಿ ಮೇಣದಬತ್ತಿ ಹಚ್ಚುವುದು ಹೇಗೆ?

ಇನ್ನೊಂದನ್ನು ಯಾರೂ ಎತ್ತುವುದಿಲ್ಲ. ಬ್ಲ್ಯಾಕ್‌ಬಿಯರ್ಡ್‌ನ ‘ಕ್ವೀನ್ ಆ್ಯನ್ಸ್ ರಿವೆಂಜ್’ ಅವನ ಕೈಗೆ ಬೀಳುವ ಮುಂಚೆ ‘ಲಾ ಕಾಂಕಾರ್ಡ್’ ಎಂಬ ಫ್ರೆಂಚ್ ಗುಲಾಮರ ಹಡಗು. 1722ರ ಜನವರಿಯಲ್ಲಿ ಆಫ್ರಿಕಾದ ವೈಡಾ ಬಂದರಿನಲ್ಲಿ ರಾಬರ್ಟ್ಸ್‌ನ ಜನ ‘ಪಾರ್ಕ್ಯುಪೈನ್’ ಹಡಗಿಗೆ ಬೆಂಕಿಯಿಟ್ಟರು. ಒಳಗೆ ಸಂಕೋಲೆಯಲ್ಲಿದ್ದ ಸುಮಾರು ಎಂಬತ್ತು ಆಫ್ರಿಕನ್ನರನ್ನು ಬಿಚ್ಚುವಷ್ಟು ಹೊತ್ತನ್ನೂ ಕೊಡಲಿಲ್ಲ. ಇಡೀ ಸಮುದ್ರದಲ್ಲಿ ಸೆರೆಯಾಳೆಂದರೆ ಆ ಒಬ್ಬ ವರ್ತಕನ ಮಗಳು ಮಾತ್ರ ಎಂಬಂತೆ ಬರೆದ ಕಾದಂಬರಿ ಸುಳ್ಳು ಹೇಳುತ್ತಿದೆ.

ನೀಲಿಶಾಯಿ:
ಲಂಗರು ಅವರೇ, ಕೊನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅವಳ ಅಪ್ಪನ ಸಂಪತ್ತು ಎಲ್ಲಿಂದ ಬಂತು? ಸಕ್ಕರೆಯೇ, ಗುಲಾಮರೇ? ಆ ಕಾಲದ ಬ್ರಿಸ್ಟಲ್ ಅಥವಾ ಜಮೈಕಾದ ದೊಡ್ಡ ವರ್ತಕನೆಂದರೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಅದನ್ನು ಎದುರಿಸಿದ ಕಾದಂಬರಿಯಲ್ಲಿ ಸೇಡಿಗೂ ತೂಕ ಬರುತ್ತದೆ.

ಮೊದಲ ಮಾತನ್ನು ಒಪ್ಪಲಾರೆ. ಸೆರೆಯನ್ನು ಕಥೆ ಹೇಗೆ ಬಿಚ್ಚುತ್ತದೆ ಎಂಬುದರಲ್ಲೇ ಈ ಪ್ರಕಾರದ ಜೀವ ಇರುವುದು. ಬೈರನ್ನನ ಕಡಲ್ಗಳ್ಳನ ಕಾವ್ಯ 1814ರಲ್ಲಿ ಹೊರಬಂದ ದಿನವೇ ಹತ್ತು ಸಾವಿರ ಪ್ರತಿ ಮಾರಾಟವಾಯಿತು. ಮಾತು ಕಡಿಮೆಯ, ಒಳಗೇ ಕುದಿಯುವ ನಾಯಕ ಅಲ್ಲಿಂದಲೇ ಇಳಿದು ಬಂದವನು. ಆದರೆ ಆ ಕಾವ್ಯದಲ್ಲಿ ಸೆರೆ ಬೀಳುವವನು ಕಡಲ್ಗಳ್ಳ, ಬಿಡಿಸುವವಳು ಹೆಣ್ಣು. ಕತ್ತಿಯೂ ಅವಳ ಕೈಯಲ್ಲೇ. 1970ರ ದಶಕದ ಅಗ್ಗದ ಪೇಪರ್‌ಬ್ಯಾಕ್ ಕಾದಂಬರಿಗಳಲ್ಲಿ ಅದು ತಲೆಕೆಳಗಾಯಿತು, ಬಲಾತ್ಕಾರವನ್ನೇ ಪ್ರೇಮದ ಮೊದಲ ಮೆಟ್ಟಿಲೆಂದು ತೋರಿಸುವ ಚಾಳಿ ಬಂತು. ಅವನ್ನು ಸಮರ್ಥಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಓದುವಾಗ ಪೆನ್ಸಿಲ್ ಹಿಡಿದುಕೊಳ್ಳಿ. ಅವಳು ತೆಗೆದುಕೊಂಡ ತೀರ್ಮಾನದಿಂದ ಹಡಗಿನ ದಿಕ್ಕು, ಒಬ್ಬನ ಪ್ರಾಣ ಅಥವಾ ದುಡ್ಡಿನ ಲೆಕ್ಕ ಬದಲಾದ ಕಡೆಯೆಲ್ಲ ಅಂಚಿನಲ್ಲಿ ಗೀಟು ಹಾಕಿ. ಬೈದದ್ದು, ಕಪಾಳಕ್ಕೆ ಹೊಡೆದದ್ದು, ಓಡಿಹೋಗಲು ನೋಡಿ ಸಿಕ್ಕಿಬಿದ್ದದ್ದು ಲೆಕ್ಕಕ್ಕಿಲ್ಲ. ಅವುಗಳಿಂದ ಏನೂ ಬದಲಾಗುವುದಿಲ್ಲ. ಅರ್ಧ ಪುಸ್ತಕ ಮುಗಿದರೂ ಒಂದು ಗೀಟೂ ಬೀಳದಿದ್ದರೆ ಮುಂದೆ ಬೀಳುವುದು ಅಪರೂಪ. ಆಮೇಲೆ ಬಾಗಿಲು. ಅವಳ ಮುಂದೆ ನಿಜವಾದ ಬಾಗಿಲೊಂದು ತೆರೆಯಬೇಕು: ಬಂದರು, ಕೈಯಲ್ಲಿ ದುಡ್ಡು, ನಂಬುವ ಬಂಧು, ಹಿಂಬಾಲಿಸುವವರಿಲ್ಲ. ಅಲ್ಲಿಂದ ಅವಳು ಹೊರಟೇ ಹೋಗಬೇಕು, ತನ್ನ ಬದುಕಿನಲ್ಲಿ ಒಂದಷ್ಟು ದಿನ ಇರಬೇಕು. ಪ್ರೇಮಕ್ಕೆ ಒಪ್ಪಿಗೆ ಸಿಗುವುದು ಆಮೇಲೆ. ದೇಹಸಂಬಂಧದ ದೃಶ್ಯ ಬಾಗಿಲಿಗಿಂತ ಮುಂಚೆ ಬಂದಿದ್ದರೆ ಲೇಖಕರು ಸಾಲ ಮಾಡಿದ್ದಾರೆ ಎಂದರ್ಥ. ಕೆಲವರು ತೀರಿಸುತ್ತಾರೆ, ಹೆಚ್ಚಿನವರು ಮರೆಯುತ್ತಾರೆ.

ಲಂಗರು:
ಬಾಗಿಲಿನ ಮಾತು ಒಪ್ಪಿದೆ. ಆದರೆ ಆ ಬಾಗಿಲನ್ನು ತೆರೆಯುವವನು ಅವನೇ ಆಗಿದ್ದರೆ ಅದು ದಾನ, ಹಕ್ಕಲ್ಲ.

ನೀಲಿಶಾಯಿ:
ಹೌದು. ಅದಕ್ಕೇ ಕಡತಪ್ರಿಯೆ ಹೇಳಿದ ಕರಾರು ನನಗೆ ಇಷ್ಟವಾದದ್ದು. ಸಿಬ್ಬಂದಿ ಮತ ಹಾಕಿ ಅವಳನ್ನು ಬಿಡಿಸಬಹುದು. ಅವಳೇ ಕ್ವಾರ್ಟರ್‌ಮಾಸ್ಟರ್ ಜತೆ ತನ್ನ ಒತ್ತೆಹಣದ ಚೌಕಾಸಿಗೆ ಕೂರಬಹುದು. ಕಪ್ತಾನನ ಔದಾರ್ಯದ ಹಂಗಿಲ್ಲ.

ಕಡತಪ್ರಿಯೆ:
ಒತ್ತೆಹಣದ ವಿಷಯ ಬಂದದ್ದಕ್ಕೆ ಎರಡು ನಿಜವಾದ ಪ್ರಕರಣ. 1712ರಲ್ಲಿ ಕಾರವಾರದ ಇಂಗ್ಲಿಷ್ ವ್ಯಾಪಾರ ಕೋಠಿಯ ಅಧಿಕಾರಿ ಥಾಮಸ್ ಚೌನ್ ಹೆಂಡತಿಯೊಂದಿಗೆ ಮುಂಬಯಿಗೆ ಹೊರಟಾಗ ಕಾನ್ಹೋಜಿ ಆಂಗ್ರೆಯ ಹಡಗುಗಳು ಮುತ್ತಿದವು. ಚೌನ್ ಸತ್ತ. ಇನ್ನೂ ಇಪ್ಪತ್ತು ತುಂಬದ, ಗರ್ಭಿಣಿಯಾಗಿದ್ದ ಕ್ಯಾಥರೀನ್ ಕೊಲಾಬಾ ಕೋಟೆಯಲ್ಲಿ ಸೆರೆಯಿದ್ದು, ಮರುವರ್ಷ 30,000 ರೂಪಾಯಿ ತೆತ್ತ ಮೇಲೆ ಬಿಡುಗಡೆಯಾದಳು. ಇಂಗ್ಲಿಷರ ಕಾಗದಗಳಲ್ಲಿ ಆಂಗ್ರೆ ಕಡಲ್ಗಳ್ಳ; ಮರಾಠರಿಗೆ ಅವನು ನೌಕಾಪಡೆಯ ಸರಖೇಲ. ಕಾದಂಬರಿಯಲ್ಲಿ ‘ಕಡಲ್ಗಳ್ಳ’ ಎಂದು ಕರೆಯುತ್ತಿರುವವರು ಯಾರು ಎಂಬುದನ್ನೂ ಗಮನಿಸಬೇಕು.

ಎರಡನೆಯದು ಉತ್ತರ ಆಫ್ರಿಕಾದ ಕೋರ್ಸೇರ್‌ಗಳದ್ದು, ಅಂದರೆ ಅಲ್ಲಿನ ಆಳುವವರ ಒಪ್ಪಿಗೆಯಿಂದಲೇ ಕಡಲಲ್ಲಿ ಕೊಳ್ಳೆ ಹೊಡೆಯುತ್ತಿದ್ದವರದ್ದು. 1631ರ ಜೂನ್‌ನಲ್ಲಿ ಐರ್ಲೆಂಡಿನ ಬಾಲ್ಟಿಮೋರ್ ಹಳ್ಳಿಯಿಂದ ನೂರಕ್ಕೂ ಹೆಚ್ಚು ಜನರನ್ನು ಅಲ್ಜಿಯರ್ಸ್‌ಗೆ ಸಾಗಿಸಿದರು, ಮರಳಿದವರು ಬೆರಳೆಣಿಕೆ. ಅಲ್ಲಿ ಸೆರೆ ಒಬ್ಬನ ಹಠವಾಗಿರಲಿಲ್ಲ, ಮಾರುಕಟ್ಟೆಯೇ ಇತ್ತು. ಬಿಡಿಸಿ ತರುವುದನ್ನೇ ಕಾಯಕ ಮಾಡಿಕೊಂಡ ಕ್ರೈಸ್ತ ಪಂಥಗಳಿದ್ದವು. ಟ್ರಿನಿಟೇರಿಯನ್ನರದ್ದು 1198ರಷ್ಟು ಹಳೆಯದು. ಈ ಹಿನ್ನೆಲೆಯ ಕಾದಂಬರಿಯಲ್ಲಿ ದಲ್ಲಾಳಿ, ಪತ್ರ, ಹಣ ಕಳಿಸುವ ಹುಂಡಿ, ತಿಂಗಳುಗಟ್ಟಲೆ ಕಾಯುವಿಕೆ ಇರಬೇಕು. ಅವನ್ನೆಲ್ಲ ಬಿಟ್ಟು ಜನಾನಾದ ರೇಷ್ಮೆ ಪರದೆಗಳಲ್ಲೇ ಕಾಲ ಕಳೆಯುವ ಪುಸ್ತಕಗಳನ್ನು ನಾನು ಶಿಫಾರಸು ಮಾಡುವುದಿಲ್ಲ.

ನೂಲೆಳೆ:
ಉಡುಗೆಯ ಬಗ್ಗೆ ಕೇಳಿದ್ದಿರಿ. 1718ರ ಹೆಣ್ಣು ಕಾರ್ಸೆಟ್ ತೊಡುವುದಿಲ್ಲ. ಅವಳದ್ದು ಸ್ಟೇಸ್, ತಿಮಿಂಗಿಲದ ಬಾಯಿಪಟ್ಟಿ ಸೇರಿಸಿ ಹೊಲಿದ ಗಟ್ಟಿ ಒಳಕವಚ. ಅದರ ಕೆಳಗೆ ಮೈಗೆ ತಾಗುವುದು ಲಿನನ್ನಿನ ಶಿಫ್ಟ್. ಬೆನ್ನ ಹಿಂದಿನ ಲಾಡಿಯನ್ನು ಒಂದು ಕೊನೆಯಿಂದ ಸುರುಳಿಯಾಗಿ ಪೋಣಿಸಿರುತ್ತಾರೆ. ನಾಯಕ ಕಠಾರಿಯಿಂದ ಲಾಡಿ ಕತ್ತರಿಸುವ ದೃಶ್ಯ ಬಂದರೆ, ಮರುದಿನ ಅವಳು ಏನು ಉಟ್ಟಳು ಎಂದು ಕೇಳಿ. ಹೊಸ ಲಾಡಿಗೆ ದಾರ ಎಲ್ಲಿಂದ ಬಂತೆಂದು ಬರೆದವರು ಕಡಿಮೆ.

ಲೇಖಕರು ಕೈಬಿಡುವ ಒಂದು ಚಿನ್ನದಂಥ ವಿವರ ಜೇಬು. ಆಗ ಹೆಂಗಸರ ಜೇಬು ಬಟ್ಟೆಗೆ ಹೊಲಿದದ್ದಲ್ಲ. ಸೊಂಟಕ್ಕೆ ಕಟ್ಟಿಕೊಳ್ಳುವ ಬೇರೆ ಚೀಲ, ಲಂಗದ ಪಕ್ಕದ ಸೀಳಿನಿಂದ ಕೈ ಹಾಕಿ ತೆಗೆಯುವುದು. ಪತ್ರ, ಕತ್ತರಿ, ನಾಣ್ಯ, ಬೀಗದ ಕೈ ಎಲ್ಲ ಅದರಲ್ಲಿ ಹಿಡಿಯುತ್ತವೆ. ಸೆರೆಯಾದವಳ ಬಳಿ ಏನಿದೆ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ನೇತಾಡುತ್ತಿರುತ್ತದೆ.

ಕ್ಯಾಬಿನ್ನಿನಲ್ಲಿ ಬಿಸಿನೀರಿನ ಸ್ನಾನ ಪ್ರತಿ ಎರಡನೇ ಪುಸ್ತಕದಲ್ಲಿದೆ. ಸಣ್ಣ ತೊಟ್ಟಿಗೂ 45 ಲೀಟರ್ ನೀರು ಬೇಕು. ಬ್ರಿಟಿಷ್ ನೌಕಾಪಡೆಯಲ್ಲಿ ಒಬ್ಬನಿಗೆ ದಿನಕ್ಕೆ ಒಂದು ಗ್ಯಾಲನ್, ಸುಮಾರು ನಾಲ್ಕೂವರೆ ಲೀಟರ್ ಬಿಯರ್ ಪಡಿ ಇತ್ತು. ಅಂದರೆ ಆ ತೊಟ್ಟಿ ಹತ್ತು ಜನರ ಒಂದು ದಿನದ ಕುಡಿಯುವ ಪಡಿಗೆ ಸಮ. ಉಪ್ಪುನೀರಿನಲ್ಲಿ ಒಗೆದ ಬಟ್ಟೆ ಪೂರ್ತಿ ಒಣಗುವುದಿಲ್ಲ. ಉಪ್ಪು ಗಾಳಿಯ ತೇವ ಎಳೆದುಕೊಂಡು ಜಿಗುಟಾಗುತ್ತದೆ, ಕಂಕುಳು, ಸೊಂಟದಲ್ಲಿ ಚರ್ಮ ಕಿತ್ತುಬರುತ್ತದೆ. ಮಳೆ ಬಂದಾಗ ಹಾಯಿಯ ಬಟ್ಟೆ ಹರಡಿ ನೀರು ಹಿಡಿಯುವ ದೃಶ್ಯವನ್ನೇ ಬರೆದರೆ ಸ್ನಾನಕ್ಕೂ ಕಾರಣ ಸಿಗುತ್ತದೆ, ಪ್ರೇಮಕ್ಕೂ.

ಹಾಯಿಹಗ್ಗ:
ನೂಲೆಳೆ ಅವರ ಪ್ರಶ್ನೆಯ ಜಾಡಿನಲ್ಲೇ ಹಡಗನ್ನೂ ನೋಡಿ. ಕಡಲ್ಗಳ್ಳರಿಗೆ ಹೆಚ್ಚು ಪ್ರಿಯವಾದದ್ದು ಸ್ಲೂಪ್: ಒಂದೇ ಹಾಯಿಕಂಬ, ಆಳ ಕಡಿಮೆ, ಮರಳು ದಿಬ್ಬಗಳ ನಡುವೆ ನುಗ್ಗಬಲ್ಲದು. ಅದರ ಕ್ಯಾಬಿನ್ನಿನಲ್ಲಿ ಎತ್ತರದ ನಾಯಕ ನೆಟ್ಟಗೆ ನಿಲ್ಲಲಾರ. ಕಿಟಕಿ ಸಾಲು, ಪುಸ್ತಕದ ಕಪಾಟು, ಅಗಲ ಮಂಚ ಬೇಕಿದ್ದರೆ ದೊಡ್ಡ ಹಡಗೇ ಬೇಕು; ಆಗ ಆಳವಿಲ್ಲದ ಖಾರಿಯಲ್ಲಿ ಅಡಗುವ ದೃಶ್ಯವನ್ನು ಬಿಡಬೇಕು. ಎರಡೂ ಒಂದೇ ಹಡಗಿನಲ್ಲಿ ಸಿಗುವುದಿಲ್ಲ.

1680ರ ಕಥೆಯ ಮುಖಪುಟದಲ್ಲಿ ನಾಯಕಿ ಚುಕ್ಕಾಣಿ ಚಕ್ರ ಹಿಡಿದು ನಿಂತಿರುತ್ತಾಳೆ. ಚಕ್ರ ಬಂದದ್ದು 18ನೇ ಶತಮಾನದ ಆರಂಭದಲ್ಲಿ. ಸ್ಲೂಪಿನಲ್ಲಿ ಉದ್ದನೆಯ ಚುಕ್ಕಾಣಿ ಹಿಡಿಯೇ ಇರುತ್ತಿತ್ತು.

ದಿನಗಳ ಲೆಕ್ಕವೂ ಪ್ರೇಮಕ್ಕೆ ಮುಖ್ಯ. ಗಂಟೆಗೆ ಐದು ನಾಟಿಕಲ್ ಮೈಲಿಯಂತೆ ದಿನಕ್ಕೆ 120 ನಾಟಿಕಲ್ ಮೈಲಿ. ಚಾರ್ಲ್ಸ್‌ಟನ್‌ನಿಂದ ನಸ್ಸಾವ್‌ಗೆ ನೇರ ಗೆರೆ ಎಳೆದರೆ 480 ಮೈಲಿಯ ಆಸುಪಾಸು, ನಾಲ್ಕು ದಿನ. ಗಲ್ಫ್ ಪ್ರವಾಹ ಉತ್ತರಕ್ಕೆ ಹರಿಯುವುದರಿಂದ ಅದನ್ನು ತಪ್ಪಿಸಿ ಸುತ್ತುಹಾದಿ ಹಿಡಿಯಬೇಕು. ವಾರ ಹಿಡಿದರೂ ಸಹಜ. ‘ಮೂರು ವಾರ ನೆಲ ಕಾಣದೆ’ ಎಂದಿದ್ದರೆ ಕಾರಣ ಕೊಡಬೇಕು. ಗಾಳಿ ಬಿದ್ದುಹೋಗಿರಬಹುದು, ಕಂಬ ಮುರಿದಿರಬಹುದು.

ಅದಕ್ಕಿಂತ ಒಳ್ಳೆಯ ಕಾರಣ ಹಡಗಿನ ತಳ ಕೆರೆಯುವ ಕೆಲಸ. ಬೆಚ್ಚಗಿನ ನೀರಿನಲ್ಲಿ ಹಡಗುಹುಳು ಮರ ಕೊರೆಯುತ್ತದೆ, ಪಾಚಿ ಮತ್ತು ಚಿಪ್ಪು ಹತ್ತಿ ವೇಗ ಕುಗ್ಗುತ್ತದೆ. ವೇಗವೇ ಬಂಡವಾಳವಾದವರು ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಇದಕ್ಕೆ ದಡ ಹುಡುಕಬೇಕು. ಫಿರಂಗಿ, ಪೀಪಾಯಿಗಳನ್ನು ದಡಕ್ಕಿಳಿಸಿ, ಹಡಗನ್ನು ಮರಳಿನ ಮೇಲೆ ಒಂದು ಮಗ್ಗುಲಿಗೆ ಉರುಳಿಸಿ, ಪಾಚಿಯನ್ನು ಬೆಂಕಿಯಲ್ಲಿ ಸುಟ್ಟು ಕೆರೆದು, ಕೊಬ್ಬು ಗಂಧಕದ ಲೇಪ ಬಳಿದು, ಮತ್ತೆ ಇನ್ನೊಂದು ಮಗ್ಗುಲು. ಆ ದಿನಗಳಲ್ಲಿ ಹಡಗು ಓಡಲಾರದು, ಕಾದಲಾರದು. ಎಲ್ಲರೂ ದಡದ ಮೇಲೆ. ಸೆರೆಯಾಳಿಗೆ ತಪ್ಪಿಸಿಕೊಳ್ಳಲು ಅವಕಾಶ, ಹಿಂಬಾಲಿಸುತ್ತಿರುವ ಶತ್ರುವಿಗೆ ಎರಗಲು ಅವಕಾಶ. ಸುಮ್ಮನೆ ಬಿರುಗಾಳಿ ಎಬ್ಬಿಸುವ ಲೇಖಕರು ಇದನ್ನು ಯಾಕೆ ಬಿಡುತ್ತಾರೋ.

ಪುಟದಂಚು:
ಎಲ್ಲರಿಗೂ ಧನ್ಯವಾದ. ಮದುವೆಯ ಬಗ್ಗೆಯೂ ಹೇಳಿ. ಹಡಗಿನ ಮೇಲೇ ಕಪ್ತಾನ ಮದುವೆ ಮಾಡಿಸುವುದು, ಸೇಡಿಗಾಗಿ ಬಲವಂತದ ಮದುವೆ, ಇವು ಕಾನೂನಿನಲ್ಲಿ ನಿಲ್ಲುತ್ತವೆಯೇ?

ಕಡತಪ್ರಿಯೆ:
ಕಪ್ತಾನನಿಗೆ ಮದುವೆ ಮಾಡಿಸುವ ವಿಶೇಷ ಅಧಿಕಾರ ಇಂಗ್ಲಿಷ್ ಕಾನೂನಿನಲ್ಲಿ ಇರಲಿಲ್ಲ. ಆದರೆ ಗುಟ್ಟಿನ ಮದುವೆಗಳನ್ನು ತಡೆದ ಹಾರ್ಡ್‌ವಿಕ್ ಕಾಯಿದೆ ಜಾರಿಗೆ ಬಂದದ್ದು 1754ರ ಮಾರ್ಚ್ 25ಕ್ಕೆ, ಅದೂ ಇಂಗ್ಲೆಂಡ್ ವೇಲ್ಸ್‌ಗೆ ಮಾತ್ರ. ಅದಕ್ಕೆ ಮುಂಚಿನ ಗುಟ್ಟಿನ ಮದುವೆಗಳನ್ನು ಸುಲಭವಾಗಿ ಅಳಿಸಲು ಆಗುತ್ತಿರಲಿಲ್ಲ. ಹಾಗಾಗಿ 1718ರ ಕಥೆಯಲ್ಲಿ ‘ಆ ಮದುವೆ ಆಯಿತೋ ಇಲ್ಲವೋ’ ಎಂಬ ಜಗ್ಗಾಟ ನ್ಯಾಯವಾದದ್ದು. ಬಲವಂತದ್ದು ಬೇರೆ: ಆಸ್ತಿಯುಳ್ಳ ಹೆಣ್ಣನ್ನು ಹೊತ್ತೊಯ್ದು ಮದುವೆಯಾಗುವುದು 1487ರ ಕಾಯಿದೆಯಿಂದಲೇ ಘೋರ ಅಪರಾಧ.

ಸೇಡು ಮತ್ತು ಮದುವೆ ನಿಜವಾಗಿ ಗಂಟುಬೀಳುವುದು ಆಸ್ತಿಯಲ್ಲಿ. ಆಗಿನ ಕಾನೂನಿನಂತೆ ಮದುವೆಯಾದ ಕೂಡಲೇ ಹೆಣ್ಣಿನ ಹಣ, ಒಡವೆ ಎಲ್ಲ ಗಂಡನದ್ದು. ಶತ್ರುವಿನ ಒಬ್ಬಳೇ ಮಗಳನ್ನು ಮದುವೆಯಾದವನು ಫಿರಂಗಿ ಹಾರಿಸದೆಯೇ ಶತ್ರುವಿನ ಮನೆ ಗೆದ್ದಂತೆ. ಜಾಣ ಅಪ್ಪಂದಿರು ಮೊದಲೇ ಟ್ರಸ್ಟ್ ಬರೆಸಿ ಆಸ್ತಿಯನ್ನು ಮಗಳ ಹೆಸರಿಗೆ ಪ್ರತ್ಯೇಕ ಇಡುತ್ತಿದ್ದರು. ಆ ಪತ್ರ ಇದೆಯೇ, ಅವಳಿಗೆ ಗೊತ್ತೇ, ಅವನಿಗೆ ಗೊತ್ತೇ ಎಂಬ ಮೂರು ಪ್ರಶ್ನೆಗಳ ಮೇಲೆ ಇಡೀ ಕಾದಂಬರಿ ನಿಲ್ಲಿಸಬಹುದು.

ನೀಲಿಶಾಯಿ:
ಸೇಡು ಜೋತುಬೀಳುವ ಪ್ರಶ್ನೆ ಉಳಿದಿದೆ. ಸೇಡಿಗೆ ಗುರಿಯಾದವನು ಮುನ್ನೂರು ಪುಟ ದೃಶ್ಯದಲ್ಲೇ ಇರುವುದಿಲ್ಲ. ಅವನ ಬದಲು ಅವಳೊಂದಿಗೆ ಜಗಳ, ರಾಜಿ, ಮತ್ತೆ ಜಗಳ. ಕೊನೆಗೆ ಒಂದು ಪತ್ರ ಸಿಕ್ಕಿ, ಅಪ್ಪ ನಿರಪರಾಧಿ, ತಪ್ಪು ಯಾರೋ ದಾಯಾದಿಯದ್ದು ಎಂದಾಗುತ್ತದೆ. ಅಲ್ಲಿಗೆ ನಾಯಕನ ಹತ್ತು ವರ್ಷದ ನೋವೂ ಸುಳ್ಳಾಯಿತು, ನಾಯಕಿ ಆರಿಸಿಕೊಳ್ಳಬೇಕಾದ ಕಷ್ಟವೂ ತಪ್ಪಿತು. ಲೇಖಕರು ಇಬ್ಬರಿಗೂ ವಂಚಿಸಿದರು. ಅಪ್ಪನ ತಪ್ಪು ನಿಜವಾಗಿಯೇ ಇರಬೇಕು, ಅವಳು ಅದನ್ನು ಕಣ್ಣಿಟ್ಟು ನೋಡಬೇಕು. ಅವನ ಸೇಡಿಗೂ ಬೆಲೆ ತೆರುವಂತಿರಬೇಕು, ಕ್ಷಮೆಗೂ.

ಇತಿಹಾಸವೇ ಇದಕ್ಕೊಂದು ದಾರಿ ಕೊಡುತ್ತದೆ. ಹಿಡಿದ ಹಡಗಿನ ನಾವಿಕರನ್ನು ನಿಲ್ಲಿಸಿ, ‘ನಿಮ್ಮ ಕಪ್ತಾನ ನಿಮ್ಮನ್ನು ಹೇಗೆ ನಡೆಸಿಕೊಂಡ?’ ಎಂದು ಕೇಳಿ, ಅವರ ಮಾತಿನ ಮೇಲೆ ಅವನಿಗೆ ಶಿಕ್ಷೆಯೋ ಬಿಡುಗಡೆಯೋ ಎಂದು ತೀರ್ಮಾನಿಸುವ ರೂಢಿ ಕಡಲ್ಗಳ್ಳರಲ್ಲಿತ್ತು. ಬೇರೆಯವರ ವಿಷಯದಲ್ಲಿ ಸಾಕ್ಷಿ ಕೇಳುವ ನಾಯಕ ತನ್ನ ಶತ್ರುವಿನ ವಿಷಯದಲ್ಲಿ ಯಾರನ್ನೂ ಕೇಳುವುದಿಲ್ಲ ಎಂಬುದನ್ನು ಅವಳು ಎತ್ತಿ ತೋರಿಸಲಿ. ನಡುಭಾಗಕ್ಕೆ ಬೆನ್ನುಮೂಳೆ ಬರುತ್ತದೆ.

ಲಂಗರು:
ಅಂಥ ಕಾದಂಬರಿಯನ್ನು ನಾನೂ ಓದುತ್ತೇನೆ. ವೈಡಾದ ಆ ಹಡಗಿನ ಬಗ್ಗೆಯೂ ಅವಳು ಕೇಳಲಿ.

ನೂಲೆಳೆ:
ಕನ್ನಡದಲ್ಲಿ ಓದುವಾಗ, ಬರೆಯುವಾಗ ಒಂದು ತೊಡಕು. ಬಕನೀರ್, ಪ್ರೈವಟೀರ್, ಕೋರ್ಸೇರ್, ಪೈರೇಟ್ ನಾಲ್ಕನ್ನೂ ನಾವು ‘ಕಡಲ್ಗಳ್ಳ’ ಎಂದುಬಿಡುತ್ತೇವೆ.

ಹಾಯಿಹಗ್ಗ:
ಆಗ ಕಥೆಯ ಕೀಲೇ ಕಳಚುತ್ತದೆ. ಪ್ರೈವಟೀರ್ ಯುದ್ಧಕಾಲದಲ್ಲಿ ಸರ್ಕಾರದ ಸನದು ಪಡೆದವನು. ಅವನು ಹಿಡಿದ ಹಡಗು ಅಡ್ಮಿರಾಲ್ಟಿ ಕೋರ್ಟಿನ, ಅಂದರೆ ಕಡಲ ವ್ಯಾಜ್ಯಗಳ ನ್ಯಾಯಾಲಯದ ಮುಂದೆ ಬರಬೇಕು. ಸನದಿನ ಅವಧಿ ಮುಗಿದ ಮಾರನೆಯ ದಿನ ಅದೇ ಕೆಲಸಕ್ಕೆ ನೇಣು. 1701ರಲ್ಲಿ ಲಂಡನ್ನಿನ ವಾಪಿಂಗ್ ದಂಡೆಯಲ್ಲಿ ವಿಲಿಯಂ ಕಿಡ್‌ನನ್ನು ನೇಣಿಗೇರಿಸಿದಾಗಲೂ ಅವನ ವಾದ ಇದ್ದದ್ದು ತನ್ನ ಸನದು ಮತ್ತು ಹಿಡಿದ ಹಡಗುಗಳ ಫ್ರೆಂಚ್ ರಹದಾರಿಗಳ ಮೇಲೆಯೇ. ‘ಸನದುದಾರ’ ಎಂದು ಬಳಸಿ ನೋಡಬಹುದು. ಬಕನೀರ್ ಪದ ಹಿಸ್ಪಾನಿಯೋಲಾ ದ್ವೀಪದಲ್ಲಿ ಮಾಂಸ ಹೊಗೆಗಿಡುತ್ತಿದ್ದ ಅಟ್ಟಣಿಗೆಯಿಂದ ಬಂದದ್ದು, ಅದನ್ನು ಹಾಗೇ ಇಡುವುದು ಮೇಲು.

ಕಡತಪ್ರಿಯೆ:
‘ಸನದುದಾರ’ ಚೆನ್ನಾಗಿದೆ. ನಾಯಕನ ಸನದಿನ ಮೇಲಿನ ತಾರೀಖನ್ನೂ ಓದುಗರಿಗೆ ತೋರಿಸಿದರೆ ಇನ್ನೂ ಚೆನ್ನ.